ಹಾಲು ತಗೊಂಡು ಹೋದವರು ವರದಿಯನ್ನೂ ತಂದುಕೊಡಲಿ

ಸಂಪಾದಕರಿಗೆ ನಮಸ್ಕಾರ,

ನಾನು ಪಶುವೈದ್ಯಕೀಯದಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ವಿಷಯ ಹಸುಗಳ ಕೆಚ್ಚಲುಬಾವು, ಅದರಲ್ಲೂ ಕಣ್ಣಿಗೆ ಕಾಣದ ಕೆಚ್ಚಲುಬಾವು. ಕೆಚ್ಚಲು ಊದಿರುವುದಿಲ್ಲ. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗೆ ಮಾತ್ರ ಸೋಂಕು. ದಿನದಿಂದ ದಿನಕ್ಕೆ ಹಾಲು ಕಡಿಮೆಯಾಗುತ್ತದೆ. ಮೇವು ಸಾಲದೇನೋ ಅಂದುಕೊಂಡು ಮನೆಯವರು ಹಿಂಡಿ ಜಾಸ್ತಿ ಹಾಕುತ್ತಾರೆ.

ಹೋದ ತಿಂಗಳು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ ಬೆಳಗಿನ ಜಾವ ಐದೂವರೆಗೆ ಹೋಗಿದ್ದೆ. ಹಾಲು ಡೇರಿ ಸೇರುವ ಮೊದಲೇ ಸ್ಯಾಂಪಲ್ ತೆಗೆಯಬೇಕಲ್ಲ, ಅದಕ್ಕೆ. ಒಂದು ಮನೆಯ ಅಜ್ಜಿ ಕೊಟ್ಟಿಗೆ ಬಾಗಿಲಲ್ಲೇ ನಿಂತು ಕೇಳಿದರು: ‘ಡಾಕ್ಟ್ರಮ್ಮ, ಹಿಂದೆ ಒಂದ್ಸಲ ನೀವೇ ಬಂದು ಹಾಲು ತಗೊಂಡು ಹೋಗಿದ್ರಿ. ಅದೇನಾಯ್ತು?’

ನನಗೆ ಮಾತೇ ಹೊರಡಲಿಲ್ಲ. ಎಂ.ವಿ.ಎಸ್ಸಿ, ಅಂದರೆ ಪಶುವೈದ್ಯಕೀಯದ ಸ್ನಾತಕೋತ್ತರ ಪದವಿ ಮಾಡುವಾಗ ಅದೇ ಕೊಟ್ಟಿಗೆಯಿಂದ ಎರಡು ಹಸುಗಳ ಹಾಲು ತಂದಿದ್ದೆ. ಲ್ಯಾಬಿನಲ್ಲಿ ಕಲ್ಚರ್ ಮಾಡಿದೆ, ಅಂದರೆ ಹಾಲಿನಲ್ಲಿದ್ದ ಬ್ಯಾಕ್ಟೀರಿಯಾ ಬೆಳೆಸಿ ನೋಡಿದೆ, ಪ್ರಬಂಧ ಬರೆದೆ, ಡಿಗ್ರಿ ಬಂತು. ಆ ಮನೆಗೆ ಮತ್ತೆ ಹೋಗಲಿಲ್ಲ. ಆ ಎರಡರಲ್ಲಿ ಕೆಂದಹಸುವಿಗೆ ಮರುವರ್ಷ ಬಾವು ಬಂದು ಒಂದು ಮೊಲೆ ಬತ್ತಿಹೋಯಿತಂತೆ. ಸಿಕ್ಕಿದ ಬೆಲೆಗೆ ಕೊಟ್ಟೆವು ಅಂದರು ಅಜ್ಜಿ.

ಅವತ್ತು ರಾತ್ರಿ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಕೆಂದಹಸುವಿನ ಹಿಂದಿನ ಎಡಮೊಲೆಯ ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ. ಪೆನಿಸಿಲಿನ್ ನಾಟುವುದಿಲ್ಲ ಅಂತ ನನ್ನ ಕೈಬರಹದಲ್ಲೇ ಇತ್ತು. ಆಗಲೇ ಹೇಳಿದ್ದರೆ ಆ ಮೊಲೆ ಖಂಡಿತ ಉಳಿಯುತ್ತಿತ್ತು ಅನ್ನಲಾರೆ, ಆ ಸೋಂಕು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಆದರೆ ಯಾವ ಔಷಧಿಗೆ ದುಡ್ಡು ಸುರಿಯಬಾರದು ಅಂತಾದರೂ ಅವರಿಗೆ ಗೊತ್ತಾಗುತ್ತಿತ್ತು ಅಲ್ವಾ?

ಪಶುವೈದ್ಯರಾಗಲು ಓದುವ ಬಿ.ವಿ.ಎಸ್ಸಿ ಐದೂವರೆ ವರ್ಷ, ಎಂ.ವಿ.ಎಸ್ಸಿ ಎರಡು ವರ್ಷ, ಪಿಎಚ್‌.ಡಿಗೆ ಕಡಿಮೆ ಅಂದರೂ ಮೂರು ವರ್ಷ. ಇಷ್ಟು ಓದಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರುತ್ತದೆ. ಇಂಥ ಎಷ್ಟೋ ಪ್ರಬಂಧಗಳನ್ನು ‘ಕೃಷಿಕೋಶ’ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಕನ್ನಡದಲ್ಲಿ ಒಂದು ಪುಟ ಸಾರಾಂಶ ಬರೆದರೂ ಅದು ಪುಸ್ತಕದೊಳಗೇ ಇರುತ್ತದೆ. ಹಾಲು ಕೊಟ್ಟ ಮನೆಗೆ ಬೇಕಾದದ್ದು ಅದಲ್ಲ. ತಮ್ಮ ಹಸುವಿಗೆ ಏನಾಗಿದೆ ಅನ್ನುವುದು.

ಅದನ್ನು ತಿಳಿಸುವುದು ಕಷ್ಟವೇನಲ್ಲ. ನಾಲ್ಕು ಬಟ್ಟಲಿರುವ ಒಂದು ಪ್ಲಾಸ್ಟಿಕ್ ತಟ್ಟೆ ನಮ್ಮ ಕೈಯಲ್ಲಿರುತ್ತದೆ. ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯ ಹಾಲು, ಅಷ್ಟೇ ಅಳತೆಯ ಪರೀಕ್ಷೆಯ ದ್ರಾವಣ. ಮೆಲ್ಲಗೆ ಆಡಿಸಿದರೆ ಸೋಂಕಿರುವ ಹಾಲು ಲೋಳೆಯಾಗುತ್ತದೆ. ಅರ್ಧ ನಿಮಿಷ ಸಾಕು. ಈ ಸಲ ಅಜ್ಜಿಯ ಎದುರಿಗೇ ಮಾಡಿದೆ. ಒಂದು ಬಟ್ಟಲಿನ ಹಾಲು ಲೋಳೆಯಾದದ್ದು ಕಂಡು ಸೊಸೆಯನ್ನು ಕೂಗಿ ಕರೆದು ತೋರಿಸಿದರು. ಯಾವ ಔಷಧಿ ನಾಟುತ್ತದೆ ಅಂತ ಲ್ಯಾಬಿನಲ್ಲಿ ತಿಳಿಯಲು ಎರಡು ಮೂರು ದಿನ ಬೇಕು. ಆಮೇಲೆ ಒಂದು ಫೋನ್, ಒಂದು ಚೀಟಿ.

ಈಗ ನಾನು ಮನೆಗೊಂದು ಚೀಟಿ ಬರೆಯುತ್ತಿದ್ದೇನೆ. ಯಾವ ಹಸು, ಯಾವ ಮೊಲೆ, ಯಾವ ಔಷಧಿ ನಾಟುತ್ತದೆ, ಯಾವುದು ಇಲ್ಲ. ಕೆಳಗೆ ಎರಡು ಮಾತು: ಹಾಲು ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕರೆದ ಕೂಡಲೇ ಹಸು ಮಲಗದಂತೆ ಮುಂದೆ ಮೇವು ಹಾಕಿ, ಯಾಕೆಂದರೆ ಅರ್ಧ ಗಂಟೆಯಷ್ಟು ಹೊತ್ತು ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ. ಇನ್ನೊಂದು ಪ್ರತಿ ಅಲ್ಲಿಯ ಪಶು ಆಸ್ಪತ್ರೆಯ ಡಾಕ್ಟರಿಗೆ. ನಾಳೆ ಆ ಹಸುವಿಗೆ ಔಷಧಿ ಕೊಡುವವರು ಅವರೇ.

ಪಶುವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ನನ್ನ ಕೋರಿಕೆ ಇಷ್ಟೆ. ಸ್ಯಾಂಪಲ್ ಕೊಟ್ಟ ಪ್ರತಿ ಮನೆಗೂ ವರದಿ ಮುಟ್ಟಿದೆ ಅಂತ ಗೈಡ್ ಸಹಿ ಮಾಡಿದ ಮೇಲೆಯೇ ಪ್ರಬಂಧ ತೆಗೆದುಕೊಳ್ಳುವಂತಾಗಲಿ. ಸಂಶೋಧನೆಯ ಖರ್ಚಿನಲ್ಲಿ ಮರಳಿ ಹೋಗುವ ಓಡಾಟವೂ ಸೇರಲಿ. ಪೆಟ್ರೋಲಿಗೆ ಕೈಯಿಂದ ಹಾಕುವುದು ಎಲ್ಲ ವಿದ್ಯಾರ್ಥಿಗಳಿಗೂ ಆಗುವುದಿಲ್ಲ.

ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಇಡೀ ಜಗತ್ತಿನಿಂದಲೇ ಹೋಗಿದೆ ಅಂತ 2011ರಲ್ಲಿ ಘೋಷಣೆಯಾಯಿತು. ನಮ್ಮ ದೇಶದಲ್ಲಿ ಅದರ ಕೊನೆಯ ಸುಳಿವು ಹುಡುಕಲು ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗಿ ದನ ಸಾಕುವವರನ್ನು ಕೇಳಿದ್ದರು. ಅವರು ಬಾಯಿಬಿಟ್ಟು ಹೇಳಿದ್ದರಿಂದ ಆ ಕೆಲಸ ಆಯಿತು. ಕೊಟ್ಟ ಹಾಲಿನ ಸಮಾಚಾರವೇ ಬರದಿದ್ದರೆ ಮುಂದಿನ ವಿದ್ಯಾರ್ಥಿಗೆ ಕೊಟ್ಟಿಗೆ ಬಾಗಿಲು ಯಾಕೆ ತೆಗೆಯಬೇಕು?

ಅಜ್ಜಿಯ ಈಗಿನ ಹಸುವಿನ ಚೀಟಿಯನ್ನು ಕಳೆದ ಭಾನುವಾರ ಕೊಟ್ಟು ಬಂದೆ. ಸೊಸೆ ಓದಿ ಹೇಳಿದರು. ಅಜ್ಜಿ ಅದನ್ನು ಮಡಚಿ ಡೇರಿ ಪುಸ್ತಕದೊಳಗೆ ಇಟ್ಟುಕೊಂಡರು. ಹಳೆಯ ನೋಟ್‌ಬುಕ್ಕಿನಲ್ಲಿ ಇನ್ನೂ 31 ಮನೆಗಳಿವೆ. ಈ ಬೇಸಿಗೆಯೊಳಗೆ ಅಷ್ಟಕ್ಕೂ ಹೋಗಿ ಬರುತ್ತೇನೆ.

– ಒಬ್ಬ ಪಶುವೈದ್ಯೆ, ಹಾಸನ ಜಿಲ್ಲೆ