ಆ ಕೊಳಗ ಎಷ್ಟು ದೊಡ್ಡದಿತ್ತು, ಕೇಳು

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಸಾಗರದ ಮನೆಯ ಅಟ್ಟದಲ್ಲಿ ಅಜ್ಜನ ಟ್ರಂಕು ಸಿಕ್ಕಿದೆ, ಅದನ್ನಿಟ್ಟುಕೊಂಡು ಮನೆತನದ ಕಥೆ ಬರೀತೀನಿ ಅಂದಿದ್ದೀಯ. ಓದಿ ತುಂಬಾ ಖುಷಿಯಾಯ್ತು. ಖಂಡಿತ ಬರಿ.

ಮೊದಲು ಒಂದು ಮಾತು. ಟ್ರಂಕಿನಲ್ಲಿ ಕಪ್ಪು ಬಟ್ಟೆಯ ಮಡಿಕೆಗಳಿದ್ದರೆ ಒದ್ದೆ ಕೈಯಲ್ಲಿ ಮುಟ್ಟಬೇಡ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಒರೆಸಿದರೆ ಹೋಯ್ತು. ನಾನು ನಿನ್ನ ವಯಸ್ಸಿನಲ್ಲಿ ಧೂಳು ಹೊಡೆಯೋಣ ಅಂತ ಒಂದು ಕಡತವನ್ನು ಹಸಿ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಎರಡು ಮಡಿಕೆ ಪೂರ್ತಿ ಅಳಿಸಿಹೋಯ್ತು. ಅದರಲ್ಲಿ ಯಾರ ಹೆಸರಿತ್ತೋ ಅಂತ ಇವತ್ತಿಗೂ ಮನಸ್ಸಿಗೆ ಬರುತ್ತೆ. ಕೆಳದಿಯ ವಸ್ತುಸಂಗ್ರಹಾಲಯ ನಿಮಗೆ ಹತ್ತಿರವೇ ಅಲ್ವಾ? ಒಮ್ಮೆ ಹೋಗಿ ಹಳೇ ಬರಹ ನೋಡಿ ಬಾ. ಮೋಡಿ ಅಕ್ಷರಕ್ಕೆ, ಅಂದರೆ ಕೂಡಿಸಿ ಬರೆದ ಹಳೇ ಕೈಬರಹಕ್ಕೆ, ಕಣ್ಣು ಪಳಗಬೇಕು.

ತಾರೀಕು ಓದುವಾಗ ಅವಸರ ಬೇಡ. ಬರೀ 'ಆನಂದ ಸಂವತ್ಸರ' ಅಂತಿದ್ದರೆ ಅದು 1914 ಆಗಬಹುದು, 1854ಕ್ಕೂ ಸೈ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸು, ಇಸವಿ ಸಿಗುತ್ತೆ; ಶಕ ವರ್ಷದ ಕೊನೆಯ ತಿಂಗಳುಗಳಾದರೆ 79.

ನಾನು ಹೇಳಬೇಕಾದ್ದು ಗೇಣಿ ಪುಸ್ತಕದ ವಿಷಯ. ಗೇಣಿ ಅಂದರೆ ಗದ್ದೆ ಮಾಡುವವರು ಒಡೆಯರಿಗೆ ಕೊಡುತ್ತಿದ್ದ ಪಾಲು. ನಿನ್ನ ಟ್ರಂಕಿನಲ್ಲೂ ಒಂದು ಇದ್ದೇ ಇರುತ್ತೆ. ಒಂದು ಹೆಸರು, ಅದರ ಮುಂದೆ 'ಗೇಣಿ ಭತ್ತ 6 ಖಂಡುಗ', ಪಕ್ಕದಲ್ಲಿ ಹೆಬ್ಬೆಟ್ಟು. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಖಂಡುಗಕ್ಕೆ ಇಪ್ಪತ್ತು ಕೊಳಗ, ಒಟ್ಟು 120 ಕೊಳಗ. ಲೆಕ್ಕ ಸರಿಯಾಗಿದೆ. ಆದರೆ ಆ ಕೊಳಗ ಎಷ್ಟು ದೊಡ್ಡದು? ಪುಸ್ತಕ ಅದನ್ನು ಹೇಳೋದಿಲ್ಲ. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು ಅಂತಲೇ 1951ರಲ್ಲಿ ನಿಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದದ್ದು. ಪುಸ್ತಕದ ಅಂಕಿ ನಂಬಿ 'ನಮ್ಮಜ್ಜ ನ್ಯಾಯವಾಗಿ ಗೇಣಿ ತಗೊಳ್ತಿದ್ದರು' ಅಂತ ಬರೆದರೆ, ನೀನು ಅರ್ಧ ಮಾತ್ರ ಓದಿದಂತೆ.

ಉಳಿದರ್ಧ ಇನ್ನೊಂದು ಮನೆಯಲ್ಲಿರುತ್ತೆ. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ತಾವು ಉಳುವ ಗದ್ದೆ ತಮ್ಮ ಹೆಸರಿಗಾಗಲಿ ಅಂತ ಫಾರಂ 7 ಅನ್ನೋ ಅರ್ಜಿ ತುಂಬಿ ಡಿಕ್ಲರೇಷನ್ ಕೊಟ್ಟರು. ನಿಮ್ಮ ಮನೆಯಲ್ಲಿ 'ಗದ್ದೆ ಹೋಯ್ತು' ಅನ್ನೋ ಮಾತು ಕೇಳಿಯೇ ಬೆಳೆದಿರುತ್ತೀಯ. ಅದೇ ಗದ್ದೆಗೆ 'ನಮಗೆ ಆಯ್ತು' ಅನ್ನುವ ಮನೆ ಒಂದಿದೆ. ಅವರೂ ಭೂ ನ್ಯಾಯಮಂಡಳಿಯ ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನ ಮಾಡಿರುತ್ತಾರೆ. ಸರ್ವೆ ನಂಬರು ಒಂದೇ. ಕಥೆ ಎರಡು. ನಿನಗೆ ಎರಡೂ ಬೇಕು.

ಅಲ್ಲಿಗೆ ಹೋಗೋದು ಸುಲಭವಲ್ಲ, ಗೊತ್ತು. ಮನೆಯವರಿಗೂ ಇಷ್ಟವಾಗಲಿಕ್ಕಿಲ್ಲ. ಆದರೂ ಹೋಗು. ಮೊದಲ ದಿನ ಏನೂ ಬರೆದುಕೊಳ್ಳಬೇಡ, ಫೋನು ತೆಗೆಯಬೇಡ. ಸುಮ್ನೆ ಕೂತು ಕೇಳು. ವಯಸ್ಸಾದ ಅಜ್ಜಿ ಯಾರಾದರೂ ಇದ್ದರೆ, ಕಣದಲ್ಲಿ ಭತ್ತ ಅಳೆಯೋದು ಹೇಗಿತ್ತು ಅಂತ ಕೇಳು. ಕೈ ಮಾಡಿ ತೋರಿಸಿಯೇ ತೋರಿಸುತ್ತಾರೆ. ಅವರ ಹೆಸರು ಹಾಕಿ ಬರೆಯೋದಾದರೆ ಅವರಿಗೆ ಓದಿ ಹೇಳಿ, ಒಪ್ಪಿಗೆ ತಗೊಂಡ ಮೇಲೆ ಮಾತ್ರ.

ಹೋಗುವಾಗ ಗೇಣಿ ಪುಸ್ತಕವನ್ನೂ ತಗೊಂಡು ಹೋಗು. ತಮ್ಮ ಅಜ್ಜನ ಹೆಬ್ಬೆಟ್ಟಿರುವ ಪುಟ ಅವರೂ ನೋಡಲಿ.

ಪ್ರೀತಿಯಿಂದ,
ನಿನ್ನ ಅಣ್ಣ