ಎಳೆಯ ಸಂಸಾರದ ಖರ್ಚು ಮತ್ತು ನಿವೃತ್ತಿಯ ಉಳಿತಾಯ

ಮಾನ್ಯ ಸಂಪಾದಕರೇ,

ನಿವೃತ್ತಿಗಾಗಿ ಹಣ ಕೂಡಿಡುವ ಬಗ್ಗೆ ಪತ್ರಿಕೆಗಳ ಹಣಕಾಸು ಪುಟಗಳಲ್ಲಿ ಬರುವ ಲೇಖನಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು 25ನೆಯ ವಯಸ್ಸಿಗೇ ಉಳಿತಾಯ ಆರಂಭಿಸಿದವನ ಲಾಭವನ್ನೂ 35ಕ್ಕೆ ಆರಂಭಿಸಿದವನ ನಷ್ಟವನ್ನೂ ಅಕ್ಕಪಕ್ಕ ಇಟ್ಟು ತೋರಿಸಿ ಮುಗಿದುಬಿಡುತ್ತವೆ. ಮಡಿಲಲ್ಲಿ ಎಳೆಗೂಸು, ತಲೆಯ ಮೇಲೆ ಸಾಲದ ಕಂತು, ತಿಂಗಳು ತುಂಬುವ ಮೊದಲೇ ಬರಿದಾಗುವ ಖಾತೆ ಇರುವ ದಂಪತಿಗೆ ಆ ಹೋಲಿಕೆಯಿಂದ ಸಿಗುವುದು ಹೊತ್ತು ಮೀರಿತೆಂಬ ಅಳುಕು ಮಾತ್ರ. ಇಂಥವರಿಗೆ ಹೇಳಬೇಕಾದದ್ದು ಬೇರೆಯೇ ಇದೆ ಎಂದು ನನಗೆ ತೋರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನೇ ನೋಡೋಣ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸಿಗುತ್ತವೆ ಎಂಬ ಸೂತ್ರ ಬಹಳ ಹಳೆಯದು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತ ಗ್ರಂಥದಲ್ಲಿಯೇ ಅದರ ಪ್ರಸ್ತಾಪವಿದೆ. ಅದರ ಪ್ರಕಾರ ಶೇ 8ರ ಚಕ್ರಬಡ್ಡಿಯಲ್ಲಿ ಹಣ 9 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, 30 ವರ್ಷದಲ್ಲಿ ಸುಮಾರು 10 ಪಟ್ಟಾಗುತ್ತದೆ. ಜಾಹೀರಾತುಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಬೆಲೆಗಳೂ ಚಕ್ರಬಡ್ಡಿಯ ದಾರಿಯಲ್ಲಿಯೇ ಏರುತ್ತವೆ. ಬೆಲೆ ಏರಿಕೆ ಶೇ 6ರಷ್ಟಿದ್ದರೆ ಅದೇ 30 ವರ್ಷದಲ್ಲಿ ಪ್ರತಿಯೊಂದು ಖರ್ಚೂ ಐದೂಮುಕ್ಕಾಲು ಪಟ್ಟಾಗಿರುತ್ತದೆ. ಆಗ 10 ಪಟ್ಟಾದ ಹಣದ ಕೊಳ್ಳುವ ಶಕ್ತಿ ನಿಜವಾಗಿ ಹೆಚ್ಚಿರುವುದು ಒಂದೂಮುಕ್ಕಾಲು ಪಟ್ಟು ಮಾತ್ರ. ಇದು ನಿರಾಶೆಯ ಮಾತಲ್ಲ. ಎಳೆಯ ಸಂಸಾರಸ್ಥರಿಗೆ ಒಂದು ರೀತಿಯಲ್ಲಿ ಸಮಾಧಾನದ ಮಾತು. ಬಡ್ಡಿಯ ಪವಾಡ ಅಷ್ಟು ದೊಡ್ಡದಲ್ಲವಾದರೆ ತಡವಾಗಿ ಆರಂಭಿಸಿದವರ ನಷ್ಟವೂ ಹೆದರಿಸುವಷ್ಟು ದೊಡ್ಡದಲ್ಲ.

ಎಷ್ಟು ನಷ್ಟವೆಂಬುದನ್ನು ನನ್ನದೇ ಸಂಸಾರದ ಉದಾಹರಣೆಯಿಂದ ಹೇಳಬಲ್ಲೆ. 30ನೆಯ ವಯಸ್ಸಿನಿಂದ ವರಮಾನದ ಹತ್ತನೆಯ ಒಂದು ಪಾಲನ್ನು ನಿವೃತ್ತಿಗೆಂದು ತೆಗೆದಿಡುತ್ತಿದ್ದೆವು. ಎರಡನೆಯ ಮಗು ಹುಟ್ಟಿ ನನ್ನ ಹೆಂಡತಿ ಕೆಲಸ ಬಿಟ್ಟಾಗ, ಒಬ್ಬರ ಸಂಬಳದಲ್ಲಿ ನಾಲ್ವರು ಬದುಕಬೇಕಾದ್ದರಿಂದ, ಆರು ತಿಂಗಳ ಮಟ್ಟಿಗೆ ಎಂದು ಹೇಳಿಕೊಂಡು ಅದನ್ನು ನಿಲ್ಲಿಸಿದೆವು. ಆ ಆರು ತಿಂಗಳು ಏಳು ವರ್ಷವಾಯಿತು. ಬೆಲೆ ಏರಿಕೆ ಕಳೆದು ಶೇ 2ರ ನಿಜವಾದ ಗಳಿಕೆಯೆಂದು ಹಿಡಿದರೆ, 33ರಿಂದ 40ರವರೆಗಿನ ಈ ಬಿಡುವಿನಿಂದ 60ನೆಯ ವಯಸ್ಸಿಗೆ ಆಗಬೇಕಿದ್ದ ಗಂಟಿನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಳ್ಳಲು ಉಳಿದ 20 ವರ್ಷ ನೂರಕ್ಕೆ 10ರ ಬದಲು ಸುಮಾರು ಹದಿನಾಲ್ಕೂವರೆ ಕೂಡಿಡಬೇಕು. ಆ ಏಳು ವರ್ಷ ಪೂರ್ತಿ ನಿಲ್ಲಿಸದೆ ನೂರಕ್ಕೆ 3ರಂತೆ ಇಟ್ಟಿದ್ದರೂ ಮುಂದೆ 13ರ ಮೇಲೆ ಸ್ವಲ್ಪ ಕೂಡಿಡಲೇಬೇಕಾಗುತ್ತಿತ್ತು. ಎಂದರೆ ಬರಿಯ ಲೆಕ್ಕದಲ್ಲಿ ಸೊನ್ನೆಗೂ ಮೂರಕ್ಕೂ ಇರುವ ಅಂತರ ದೊಡ್ಡದೇನಲ್ಲ.

ಹಾಗಾದರೆ ಆ ಮೂರು ಏಕೆ ಬೇಕು ಎಂದು ಕೇಳಬಹುದು. ನಮ್ಮ ಮನೆಯಲ್ಲಿ ಆ ಏಳು ವರ್ಷವೂ ಹಣಕ್ಕೆ ತತ್ವಾರವಿರಲಿಲ್ಲ. ನಾಲ್ಕನೆಯ ವರ್ಷಕ್ಕೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುತ್ತಿದ್ದ ಸಂಬಳ ನಿಂತಿತು, ಹಾಲುಪುಡಿ, ಡೈಪರ್‌ಗಳ ಖರ್ಚು ಅದಕ್ಕೂ ಮೊದಲೇ ಹೋಗಿತ್ತು, ನನಗೆ ಎರಡು ಸಲ ಬಡ್ತಿಯೂ ಸಿಕ್ಕಿತ್ತು. ಆ ಹಣವೆಲ್ಲ ಎಲ್ಲಿ ಹೋಯಿತೆಂದು ಇಂದಿಗೂ ಲೆಕ್ಕ ಕೊಡಲಾರೆ. ನಿಂತುಹೋದ ಉಳಿತಾಯವನ್ನು ಮತ್ತೆ ಆರಂಭಿಸಲು ಹೊಸದಾಗಿ ಮನಸ್ಸು ಮಾಡಬೇಕು, ಅರ್ಜಿ ತುಂಬಬೇಕು, ಯಾವ ತಿಂಗಳಿಂದ ಎಂದು ತೀರ್ಮಾನಿಸಬೇಕು, ಮತ್ತು ಆ ತಿಂಗಳು ಯಾವಾಗಲೂ ಮುಂದಿನ ತಿಂಗಳೇ ಆಗಿರುತ್ತದೆ. ನಡೆಯುತ್ತಿರುವ ಸಣ್ಣ ಕಂತನ್ನು ದೊಡ್ಡದು ಮಾಡುವುದಕ್ಕೆ ಇಷ್ಟೊಂದು ಪಾಡಿಲ್ಲ.

ಅರ್ಥಶಾಸ್ತ್ರಜ್ಞರು ಈ ದೌರ್ಬಲ್ಯವನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಅವರ ಸಹೋದ್ಯೋಗಿ ಶ್ಲೋಮೋ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯ ನೌಕರರಿಗೆ ಇಂದು ಏನನ್ನೂ ಕಡಿತ ಮಾಡುವುದಿಲ್ಲ, ಮುಂದೆ ಸಂಬಳ ಏರಿದಾಗಲೆಲ್ಲ ಆ ಏರಿಕೆಯ ಒಂದು ಭಾಗ ತಾನಾಗಿಯೇ ನಿವೃತ್ತಿಯ ಖಾತೆಗೆ ಹೋಗಲಿ ಎಂಬ ಏರ್ಪಾಡನ್ನು ಮುಂದಿಟ್ಟರು. ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತೆಂದು 2004ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳುತ್ತದೆ. ಕೈಗೆ ಬಂದ ಹಣವನ್ನು ಬಿಟ್ಟುಕೊಡುವುದು ಕಷ್ಟ, ಇನ್ನೂ ಬಾರದ ಹಣವನ್ನು ಬಿಟ್ಟುಕೊಡುವುದು ಸುಲಭ ಎಂಬುದರ ಮೇಲೆ ನಿಂತ ಉಪಾಯವಿದು. ಎಳೆಯ ಸಂಸಾರಕ್ಕೆ ಸಂಬಳದ ಏರಿಕೆಯಷ್ಟೇ ಅಲ್ಲ, ಮುಗಿಯುವ ಖರ್ಚುಗಳೂ ಇಂಥ ಸಂದರ್ಭಗಳೇ. ಯಾವುದಾದರೊಂದು ಸಾಲದ ಕೊನೆಯ ಕಂತು ಯಾವ ತಿಂಗಳು, ಮಗುವಿನ ಯಾವ ಖರ್ಚು ಯಾವ ವರ್ಷ ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಆ ತಿಂಗಳಿಂದ ಅದರಲ್ಲಿ ಅರ್ಧವನ್ನಾದರೂ ಉಳಿತಾಯಕ್ಕೆ ತಿರುಗಿಸಲು ಇಂದೇ ಬ್ಯಾಂಕಿಗೆ ಸೂಚನೆ ಕೊಟ್ಟಿಡಬಹುದು.

ಮಕ್ಕಳು ಚಿಕ್ಕವರಿರುವಾಗ ಕಡಿಮೆ ಉಳಿಸುವುದು ಬೇಜವಾಬ್ದಾರಿಯೂ ಅಲ್ಲ. 1985ರಲ್ಲಿ ನೊಬೆಲ್ ಪಡೆದ ಫ್ರಾಂಕೊ ಮೊಡಿಗ್ಲಿಯಾನಿಯವರ ಜೀವನಚಕ್ರ ಸಿದ್ಧಾಂತದ ತಿರುಳೇ ಮನುಷ್ಯ ತನ್ನ ಇಡೀ ಬದುಕಿನ ವರಮಾನವನ್ನು ಇಡೀ ಬದುಕಿಗೆ ಹಂಚಿಕೊಳ್ಳುತ್ತಾನೆ ಎಂಬುದು. ಸಂಬಳ ಕಡಿಮೆಯಿದ್ದು ತಿನ್ನುವ ಬಾಯಿಗಳು ಹೆಚ್ಚಿರುವ ವರ್ಷಗಳಲ್ಲಿ ಉಳಿತಾಯ ತಗ್ಗುವುದು ಆ ಲೆಕ್ಕಕ್ಕೆ ಸಹಜವೇ. ಕೆಲವು ಸಂದರ್ಭಗಳಲ್ಲಂತೂ ನಿವೃತ್ತಿಯನ್ನು ಹಿಂದೆ ಸರಿಸಲೇಬೇಕು: ಶೇ 30ರ ಬಡ್ಡಿಯ ಸಾಲವನ್ನು ಉಳಿಸಿಕೊಂಡು ಶೇ 8ರ ಗಳಿಕೆಗೆ ಹಣ ಇಡುವುದು ಮೂರ್ಖತನ, ಕೆಲವು ತಿಂಗಳ ಖರ್ಚಿನ ಆಪತ್ತಿನ ಹಣ ಕೈಯಲ್ಲಿಲ್ಲದಿದ್ದರೆ ಮೊದಲ ಕಾಯಿಲೆಗೇ ನಿವೃತ್ತಿಯ ಗಂಟು ಬಿಚ್ಚಬೇಕಾಗುತ್ತದೆ, ದುಡಿಯುವವರ ಜೀವಕ್ಕೆ ಸಾಕಷ್ಟು ವಿಮೆ ಇಲ್ಲದ ಮನೆಯಲ್ಲಿ ಮಕ್ಕಳ ಮಟ್ಟಿಗೆ ದೊಡ್ಡ ಅಪಾಯ ಅಪ್ಪ ಅಮ್ಮನ ಮುಪ್ಪಲ್ಲ. ಆದರೆ ನೌಕರ ಹಾಕಿದಷ್ಟನ್ನು ಮಾಲೀಕನೂ ಸೇರಿಸುವ ಏರ್ಪಾಡು ಇದ್ದಲ್ಲಿ ಅದನ್ನು ಮಾತ್ರ ಏನೇ ಆದರೂ ಬಿಡಬಾರದು. ಅದು ಸಂಬಳದ ಭಾಗವನ್ನೇ ಬೇಡವೆಂದಂತೆ.

ಇಷ್ಟೆಲ್ಲ ಲೇಖನಗಳಲ್ಲಿ ನಾನು ಕಾಣದ ಒಂದು ವಿಷಯವನ್ನು ಹೇಳಲೇಬೇಕು. ಮಕ್ಕಳಿಗಾಗಿ ದಂಪತಿಯಲ್ಲಿ ಒಬ್ಬರು ಕೆಲಸ ಬಿಟ್ಟಾಗ, ಸಾಮಾನ್ಯವಾಗಿ ಅದು ತಾಯಿಯೇ ಆಗಿರುತ್ತಾಳೆ, ಮನೆಯವರೆಲ್ಲ ನಿಂತುಹೋದ ಸಂಬಳವನ್ನು ಲೆಕ್ಕ ಹಾಕುತ್ತಾರೆ, ಅವಳ ಹೆಸರಿನಲ್ಲಿ ನಿಂತುಹೋದ ಉಳಿತಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಕೆಲಸಕ್ಕೆ ಹೋದರೂ ಸಂಬಳ ಹಿಂದಿನ ಮೆಟ್ಟಿಲಿಂದಲೇ ಆರಂಭವಾಗುವುದರಿಂದ ಆ ಕೊರತೆ ಕೊನೆಯವರೆಗೂ ಉಳಿಯುತ್ತದೆ. ಸರಾಸರಿಯಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ, ಹೀಗಾಗಿ ಹೆಚ್ಚು ಹಣ ಬೇಕಾದವರ ಖಾತೆಯಲ್ಲಿಯೇ ಕಡಿಮೆ ಹಣ ಕೂಡಿರುತ್ತದೆ. ನಮ್ಮ ಮನೆಯಲ್ಲಿ ಇದು ಹೊಳೆದದ್ದು ನನ್ನ ಹೆಂಡತಿ ತನ್ನ ಖಾತೆಯ ಪಟ್ಟಿಯನ್ನು ಮೇಜಿನ ಮೇಲೆ ನನ್ನದರ ಪಕ್ಕದಲ್ಲಿ ಇಟ್ಟ ದಿನ. ಅವಳು ಒಂದು ಮಾತೂ ಆಡಲಿಲ್ಲ. ಆ ಬಳಿಕ ನನ್ನ ಸಂಬಳದಿಂದ ಕೂಡಿಡುವುದರಲ್ಲಿ ಅರ್ಧ ಅವಳ ಹೆಸರಿಗೆ ಹೋಗುತ್ತಿದೆ. ಅದು ಮೊದಲ ದಿನದಿಂದಲೇ ಹೋಗಬೇಕಿತ್ತು.

ಕೊನೆಯದಾಗಿ ತಮ್ಮಲ್ಲಿ ಎರಡು ವಿನಂತಿಗಳಿವೆ. ನಿವೃತ್ತಿಯ ಲೆಕ್ಕವನ್ನು ಅಚ್ಚು ಹಾಕುವಾಗಲೆಲ್ಲ 30 ವರ್ಷದ ನಂತರದ ಮೊತ್ತದ ಪಕ್ಕದಲ್ಲಿಯೇ ಇಂದಿನ ಬೆಲೆಯಲ್ಲಿ ಅದು ಎಷ್ಟು ಎಂಬುದನ್ನೂ ಕೊಡುವಂತೆ ತಮ್ಮ ಅಂಕಣಕಾರರಿಗೆ ಸೂಚಿಸಬೇಕು. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕೆಂಬ, ಈಗ ಎಲ್ಲರ ಬಾಯಲ್ಲಿರುವ ಸೂತ್ರವನ್ನು ಉಲ್ಲೇಖಿಸುವಾಗ, ಅದು 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಸಲಹೆಗಾರರು ಅಮೆರಿಕದ ಷೇರು ಮತ್ತು ಸಾಲಪತ್ರಗಳ ಇತಿಹಾಸವನ್ನು ನೋಡಿ, 30 ವರ್ಷದ ನಿವೃತ್ತಿಗೆಂದು ಕಂಡುಕೊಂಡ ಲೆಕ್ಕದಿಂದ ಹುಟ್ಟಿದ್ದು ಎಂಬುದನ್ನೂ ಜೊತೆಗೆ ತಿಳಿಸಬೇಕು. ಬೇರೆ ದೇಶದ, ಬೇರೆ ಬೆಲೆ ಏರಿಕೆಯ ಓದುಗನಿಗೆ ಅದೇ ಸಂಖ್ಯೆ ಸಾಕಾದೀತೆಂದು ಹೇಳಲು ಆಧಾರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ