ಕಸಿ ಮಾಡಹೊರಟ ಪುಟ್ಟನಿಗೆ

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಕಸಿ ಚಾಕು, ಸಿಲಿಕಾನ್ ಕ್ಲಿಪ್ಪು, ಸಸಿ ಬೆಳೆಸುವ ಪ್ರೋಟ್ರೇ ಎಲ್ಲ ಜೋಡಿಸಿಟ್ಟುಕೊಂಡಿದ್ದೀಯ, ಸಂತೋಷ. ಆದರೆ ಕಾಗದದ ತುಂಬ ಮೇಲೆ ಯಾವ ತಳಿ ಕೂರಿಸಲಿ ಎಂಬುದೇ ಇದೆ, ಕೆಳಗೆ ಬೇರು ಕೊಡುವ ಸಸಿ, ಅಂದರೆ ಬೇರುಸಸಿ, ಯಾವುದು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಚಾಕು ಹಿಡಿಯುವುದು ಮಾಡುತ್ತಾ ಮಾಡುತ್ತಾ ಕೈಗೆ ಬರುತ್ತದೆ. ಬೇರು ತಪ್ಪಿತೋ, ಎಷ್ಟು ನಾಜೂಕಾಗಿ ಕೂಡಿಸಿದ್ದರೂ ಪ್ರಯೋಜನವಿಲ್ಲ.

ಟೊಮ್ಯಾಟೊದಿಂದಲೇ ಶುರುಮಾಡೋಣ. ನಿನ್ನ ಮಣ್ಣಿಗೆ ಏನು ಕಾಯಿಲೆ? ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿದರೆ ಬುಡದ ಕಾಂಡವನ್ನು ತುಂಡು ಮಾಡಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕೊಯ್ದ ತುದಿ ಅದ್ದಿ ಹಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಬೇರು ಕಿತ್ತಾಗ ಗಂಟುಗಂಟಾಗಿದ್ದರೆ ಜಂತುಹುಳು, ಅಂದರೆ ಬೇರಿಗೆ ಹತ್ತುವ ನೆಮಟೋಡ್. ಎರಡೂ ಇಲ್ಲ, ನೀರೂ ನಿಲ್ಲುವುದಿಲ್ಲ, ಬೇರೆ ಬೇರುರೋಗವೂ ಇಲ್ಲ ಎಂದಾದರೆ ಕಸಿಯ ಗೊಡವೆ ನಿನಗೇಕೆ? ಎಲೆ ಮುದುಡು ರೋಗಕ್ಕೂ ಅಂಗಮಾರಿಗೂ ಕಸಿ ಮದ್ದಲ್ಲ. ಬೇರಿನ ಶಕ್ತಿ ಬೇರಿನ ಕಾಯಿಲೆಗೆ ಅಷ್ಟೆ.

ದುಂಡಾಣು ಸೊರಗಿದ್ದರೆ ಹವಾಯಿ 7996 ಎಂಬ ಟೊಮ್ಯಾಟೊ ಬೇರುಸಸಿಯನ್ನು ನೋಡು. ಮಳೆಗಾಲದಲ್ಲಿ ನೀರೂ ನಿಲ್ಲುವ ಜಾಗವಾದರೆ ಬದನೆಯ ಬೇರೇ ಸರಿ. ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರ ಶಿಫಾರಸು ಮಾಡಿದ ಇಜಿ 203 ಎಂಬ ಬದನೆ ಸೊರಗನ್ನೂ ತಡೆಯುತ್ತದೆ, ಟೊಮ್ಯಾಟೊ ಬೇರು ಉಸಿರುಗಟ್ಟಿ ಸಾಯುವಂಥ ನೀರನ್ನೂ ತಾಳುತ್ತದೆ. ಸುಂಡೆ ಗಿಡವೂ ಗಟ್ಟಿ, ಆದರೆ ಅದರ ಬೀಜ ಮೊಳೆಯುವುದೂ ನಿಧಾನ, ಬೆಳೆಯುವುದೂ ನಿಧಾನ. ಕೆಲವು ವಾರ ಮುಂಚೆಯೇ ಬಿತ್ತದಿದ್ದರೆ ಮೇಲಿನ ಕುಡಿಯೂ ಕೆಳಗಿನ ಕಾಂಡವೂ ಒಂದೇ ದಪ್ಪಕ್ಕೆ ಬರುವುದಿಲ್ಲ. ಜಂತುಹುಳು ತಡೆಯುತ್ತದೆಂದು ಮಾರುವ ಟೊಮ್ಯಾಟೊ ಬೇರುಸಸಿಗಳಲ್ಲಿ ಹೆಚ್ಚಿನವು ಎಂಐ ಎಂಬ ಒಂದೇ ವಂಶವಾಹಿಯನ್ನು ನಂಬಿಕೊಂಡಿವೆ. ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಅದು ಸೋಲತೊಡಗುತ್ತದೆ. ಪೊಟ್ಟಣದ ಮೇಲೆ ಇದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಬಿಡು.

ಕೂಡಿಸುವಾಗ ಎರಡೂ ಕಾಂಡ ಸುಮಾರು 2 ಮಿ.ಮೀ. ದಪ್ಪ ಇರಲಿ, ಓರೆಯಾಗಿ ಒಂದೇ ಏಟಿಗೆ ಕೊಯ್ಯಿ. ಬೀಜದೆಲೆಯ, ಅಂದರೆ ಸಸಿಗೆ ಮೊದಲು ಮೂಡುವ ಎಲೆಜೋಡಿಯ, ಕೆಳಗೆ ಕೊಯ್ದರೆ ಬೇರುಸಸಿ ಮತ್ತೆ ಚಿಗುರುವುದಿಲ್ಲ, ಆದರೆ ಕಸಿಗಂಟು ಮಣ್ಣಿಗೆ ಹತ್ತಿರವಾಗುತ್ತದೆ. ಮೇಲೆ ಕೊಯ್ದರೆ ಗಂಟು ಎತ್ತರಕ್ಕೆ ಬರುತ್ತದೆ, ಚಿಗುರು ಚಿವುಟುವ ಕೆಲಸ ಮಾತ್ರ ತಪ್ಪದು. ಬದನೆಯ ಮೇಲಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಆಮೇಲಿನ ಒಂದು ವಾರ ಬಾಣಂತನ: 25ರಿಂದ 28 ಡಿಗ್ರಿ, ಶೇ. 90ರಷ್ಟು ತೇವ, ಮೊದಲ ಒಂದೆರಡು ದಿನ ಕತ್ತಲು, ಬಳಿಕ ದಿನದಿನಕ್ಕೆ ಸ್ವಲ್ಪಸ್ವಲ್ಪ ಬೆಳಕು, ಗಾಳಿ. ನಾಟಿ ಮಾಡುವಾಗ ಟೊಮ್ಯಾಟೊವನ್ನು ಆಳಕ್ಕೆ ಹೂಳುವ ಅಭ್ಯಾಸ ಮರೆತುಬಿಡು, ಬುಡಕ್ಕೆ ಮಣ್ಣೂ ಏರಿಸಬೇಡ. ಮೇಲಿನ ಕಾಂಡ ಮಣ್ಣು ಮುಟ್ಟಿದರೆ ತಾನೇ ಬೇರು ಬಿಟ್ಟು, ಯಾವ ರೋಗದಿಂದ ತಪ್ಪಿಸಿದ್ದೆಯೋ ಅದನ್ನೇ ಕುಡಿಯುತ್ತದೆ.

ಮರಗಳ ವಿಷಯ ಇನ್ನೂ ಗಂಭೀರ. ಟೊಮ್ಯಾಟೊ ಕೈಕೊಟ್ಟರೆ ಮುಂದಿನ ಬೆಳೆ ಇದೆ, ಮರ ಕೈಕೊಟ್ಟರೆ ವರ್ಷಗಳೇ ಹೋದವು. ಹುಳಿ ಕಿತ್ತಳೆಯ ಬೇರು ಬುಡಕೊಳೆ ತಡೆಯುತ್ತದೆಂದು ಲೋಕವೇ ಮೆಚ್ಚಿತ್ತು. 1930ರ ದಶಕದಲ್ಲಿ ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಟ್ರಿಸ್ಟೆಜಾ ವೈರಸ್ ಹಬ್ಬಿದಾಗ ಆ ಬೇರಿನ ಮೇಲಿದ್ದ ಸಿಹಿ ಕಿತ್ತಳೆ ಮರಗಳು ಲಕ್ಷಗಟ್ಟಲೆ ಒಣಗಿದವು. ಅದೇ ಸಿಹಿ ಕಿತ್ತಳೆ ರಂಗಪುರ ಲೈಮ್ ಎಂಬ ನಿಂಬೆ ಜಾತಿಯ ಬೇರಿನ ಮೇಲಿದ್ದಲ್ಲಿ ಉಳಿಯಿತು. ಸಾಯಿಸಿದ್ದು ಆ ಜೋಡಿ. ದ್ರಾಕ್ಷಿಯದ್ದೂ ಇದೇ ಕಥೆ. 19ನೇ ಶತಮಾನದಲ್ಲಿ ಫೈಲೋಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ತಿಂದಾಗ ಅಮೆರಿಕದ ಕಾಡುದ್ರಾಕ್ಷಿಯ ಬೇರು ಕಾಪಾಡಿತು. ಆಮೇಲೆ ಕ್ಯಾಲಿಫೋರ್ನಿಯಾದವರು ಇಳುವರಿ ಚೆನ್ನಾಗಿದೆಯೆಂದು ಎಎಕ್ಸ್‌ಆರ್ 1 ಎಂಬ ಬೇರನ್ನು ಆರಿಸಿದರು. ಅದರಲ್ಲಿ ಅರ್ಧ ರಕ್ತ ಹೇನಿಗೆ ಬಲಿಯಾಗುವ ಯುರೋಪಿನ ದ್ರಾಕ್ಷಿಯದು. 1980ರ ದಶಕದಲ್ಲಿ ಹೇನು ಮತ್ತೆ ಬಂತು, ತೋಟಗಳನ್ನೇ ಕಿತ್ತು ಮತ್ತೆ ನೆಡಬೇಕಾಯಿತು.

ನೀನು ಸೇಬಿನ ಎಂ 9 ಬೇರನ್ನು ಕುಳ್ಳಗಿರುತ್ತದೆ, ಬೇಗ ಫಲ ಕೊಡುತ್ತದೆ ಎಂದು ಹೊಗಳಿದ್ದೀಯ. ನಿಜವೇ. ಆದರೆ ಅದರ ಬೇರು ಪೆಡಸು, ಸುಲಭವಾಗಿ ಮುರಿಯುತ್ತದೆ, ಜೀವಮಾನವಿಡೀ ಊರುಗೋಲು ಬೇಕು, ನೀರಿಗೆ ಬರ ಬಂದರೆ ಕಷ್ಟ. ಆಸರೆ ಕಟ್ಟಿ ನಿಗಾ ಇಡಲಾರೆ ಎಂದಾದರೆ ಎಂಎಂ 111ರಂಥ ದೊಡ್ಡ ಮರದ ಬೇರು ತೆಗೆದುಕೊ. ಅದು ಉಣ್ಣೆಹೇನನ್ನೂ ತಡೆಯುತ್ತದೆ. ಪಿಯರನ್ನು ಅದರ ಬಂಧುವಾದ ಕ್ವಿನ್ಸ್ ಗಿಡದ ಮೇಲೆ ಕೂರಿಸುವೆಯಾದರೆ ವಿಲಿಯಮ್ಸ್ ತಳಿ ಅದಕ್ಕೆ ಸರಿಯಾಗಿ ಅಂಟುವುದಿಲ್ಲ, ನಡುವೆ ಬ್ಯೂರೆ ಹಾರ್ಡಿಯಂಥ ಇನ್ನೊಂದು ತಳಿಯ ತುಂಡು ಸೇರಿಸಬೇಕು. ಚಿಗುರಿತೆಂದು ಕಸಿ ಕೂಡಿತು ಎಂದುಕೊಳ್ಳಬೇಡ. ಇಂಥ ಹೊಂದಾಣಿಕೆಯಿಲ್ಲದ ಜೋಡಿ ವರ್ಷಗಳ ಮೇಲೂ ಒಂದು ಗಾಳಿಗೆ ಗಂಟಿನಲ್ಲೇ ಮುರಿದೀತು.

ಮಾವಿಗೆ ಒಂದೇ ಓಟೆಯಿಂದ ಹಲವು ಮೊಳಕೆ ಬರುವ ತಳಿ ಹುಡುಕು. ಅದರ ಹೆಚ್ಚಿನ ಸಸಿಗಳು ತಾಯಿಮರದ ಪಡಿಯಚ್ಚು, ಆದ್ದರಿಂದ ತೋಟ ಒಂದೇ ಸಮ ಬೆಳೆಯುತ್ತದೆ. ಸಿಕ್ಕಸಿಕ್ಕ ಓಟೆ ಹಾಕಿದರೆ ಒಂದು ಮರ ಆನೆ, ಒಂದು ಆಡು. ಇಸ್ರೇಲಿನವರು ಆರಿಸಿದ 13-1 ಎಂಬ ಬೇರು ಸುಣ್ಣದ ಮಣ್ಣನ್ನೂ ಉಪ್ಪನ್ನೂ ತಾಳುತ್ತದೆ. ಕಿತ್ತಳೆಗೆ ಬಳಸುವ ಮೂರೆಲೆ ಕಿತ್ತಳೆಯ ಬೇರು ಇದಕ್ಕೆ ತದ್ವಿರುದ್ಧ, ಸುಣ್ಣ ಕಂಡರೆ ಎಲೆ ಹಳದಿಯಾಗಿ ಕೂತುಬಿಡುತ್ತದೆ.

ಹಾಗಾಗಿ ಓಟೆಯನ್ನೂ ಬೀಜವನ್ನೂ ತರುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡು. ರಸಸಾರ (ಹುಳಿ-ಕ್ಷಾರದ ಅಳತೆ), ಸುಣ್ಣ, ಉಪ್ಪು ಈ ಮೂರರ ಅಂಕಿಗಳನ್ನು ನನಗೆ ಬರೆ. ಅಲ್ಲಿಯವರೆಗೆ ಕಾಡುಗಿಡಗಳ ಕಡ್ಡಿಯ ಮೇಲೆ ಚಾಕು ಆಡಿಸುತ್ತಿರು, ಬೆರಳು ಜೋಪಾನ.

ಇಂತಿ,
ನಿನ್ನ ಅತ್ತೆ